ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ (ಕರ್ನಾಟಕ): ಯೋಜನೆ ಮತ್ತು ಸಿಬ್ಬಂದಿ

ಉನ್ನತ ಶಿಕ್ಷಣಕ್ಕಾಗಿ ಊರು ಬಿಟ್ಟು ಬಂದವರಿಗೆ ವಸತಿ, ಊಟ ಮತ್ತು ಓದಿಗೆ ಅನುಕೂಲ ಕಲ್ಪಿಸುವ ಸಂಸ್ಥೆ, ಆಡುಮಾತಿನಲ್ಲಿ ಹಾಸ್ಟೆಲ್.

ಇತಿಹಾಸ: ಹಾಸ್ಟೆಲುಗಳಿಲ್ಲದ ಕಾಲದಲ್ಲಿ ಬಡ ಹುಡುಗರು ವಾರಾನ್ನದ ಮೇಲೆ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಓದುತ್ತಿದ್ದರು. ಆ ಅನುಕೂಲ ಬಹುಮಟ್ಟಿಗೆ ಬ್ರಾಹ್ಮಣರಿಗೆ ಮಾತ್ರ ಇತ್ತು. ಉಳಿದವರಿಗೆ ದಾರಿ ಮಾಡಿಕೊಟ್ಟವು ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠದಂಥ ಮಠಗಳ ಉಚಿತ ಪ್ರಸಾದನಿಲಯಗಳು ಮತ್ತು ಜಾತಿ ಸಂಘಗಳ ಹಾಸ್ಟೆಲುಗಳು. ಮೈಸೂರು ವಿಶ್ವವಿದ್ಯಾಲಯ (1916) ಮತ್ತು ಕರ್ನಾಟಕ ವಿಶ್ವವಿದ್ಯಾಲಯಗಳು (1949) ಬೆಳೆದಂತೆ ಹಾಸ್ಟೆಲು ಆವರಣದ ಅಂಗವಾಯಿತು. ದೇವರಾಜ ಅರಸು ಅವರ ಆಡಳಿತದಲ್ಲಿ, ಹಾವನೂರು ಆಯೋಗದ ವರದಿಯ (1975) ಬಳಿಕ, ಹಿಂದುಳಿದ ವರ್ಗಗಳ ಸರ್ಕಾರಿ ವಿದ್ಯಾರ್ಥಿನಿಲಯಗಳು ವಿಸ್ತರಿಸಿದವು. 'ಬಿಸಿಎಂ ಹಾಸ್ಟೆಲ್' ಎಂದು ಹೆಸರಾದ ಇವುಗಳಲ್ಲಿ ಇದ್ದು ಓದಿದವರಲ್ಲಿ ಅನೇಕರು ತಮ್ಮ ಮನೆತನದ ಮೊದಲ ಪದವೀಧರರು.

ಮೆಸ್ ಲೆಕ್ಕ: ಹಾಸ್ಟೆಲಿನ ಸಂಬಂಧಗಳನ್ನು ರೂಪಿಸುವುದು ಕಟ್ಟಡಕ್ಕಿಂತ ಅಡುಗೆಮನೆ. ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿರುವ 'ಡಿವೈಡಿಂಗ್' ಪದ್ಧತಿಯಲ್ಲಿ ದಿನಸಿ, ತರಕಾರಿ, ಹಾಲು, ಗ್ಯಾಸಿನ ತಿಂಗಳ ಖರ್ಚನ್ನು ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸಿ ದಿನದ ದರ ಕಟ್ಟುತ್ತಾರೆ. ಉದಾಹರಣೆಗೆ, ಖರ್ಚು 3,00,000 ರೂ., ಊಟದ ದಿನಗಳು 2,500 ಆದರೆ ದಿನಕ್ಕೆ 120 ರೂ.; 20 ದಿನ ಉಂಡವರು 2,400 ರೂ. ಕಟ್ಟಬೇಕು. ದಸರೆ, ದೀಪಾವಳಿಗೆ ಹೆಚ್ಚಿನವರು ಊರಿಗೆ ಹೋದ ತಿಂಗಳು ದರ ಏರುತ್ತದೆ. ಗ್ಯಾಸು, ಹಾಲಿನ ವರ್ತನೆಗಳಂಥ ಖರ್ಚು ತಲೆ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅಡುಗೆಯವರ ಸಂಬಳವನ್ನೂ ಇದೇ ಲೆಕ್ಕಕ್ಕೆ ಸೇರಿಸುವ ಕಡೆ ಏರಿಕೆ ಇನ್ನೂ ಹೆಚ್ಚು. ಅಲ್ಲಿ ಬೆಳಗಿನ ಚಿತ್ರಾನ್ನಕ್ಕೆ ನಸುಕಿನಲ್ಲೇ ಒಲೆ ಹಚ್ಚುವವರ ಕೂಲಿಯನ್ನು ವಿದ್ಯಾರ್ಥಿಗಳೇ ಕೊಟ್ಟಂತಾಗುತ್ತದೆ. ವಿಶ್ವವಿದ್ಯಾಲಯದ ನೌಕರರ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

ಸಿಬ್ಬಂದಿ: ವಿಶ್ವವಿದ್ಯಾಲಯದಲ್ಲಿ ವಾರ್ಡನ್ ಸಾಮಾನ್ಯವಾಗಿ ಹೆಚ್ಚುವರಿ ಹೊಣೆ ಹೊತ್ತ ಅಧ್ಯಾಪಕರು. ಆದರೆ ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಾವಳಿ ಪೂರ್ಣಾವಧಿ ವಾರ್ಡನ್ ಇರಬೇಕೆನ್ನುತ್ತದೆ. ಅಡುಗೆ, ಸ್ವಚ್ಛತೆ, ಕಾವಲಿನ ಕೆಲಸಗಳು ಹಲವೆಡೆ ಹೊರಗುತ್ತಿಗೆಗೆ ಹೋಗಿವೆ. ಏಜೆನ್ಸಿ ಬದಲಾದಾಗ ಪರಿಚಿತ ಮುಖಗಳೂ ಬದಲಾಗುತ್ತವೆ. ಊಟ ಬಿಟ್ಟು ಕೋಣೆಯಲ್ಲೇ ಉಳಿದವರನ್ನು ಮೊದಲು ಗಮನಿಸಬಲ್ಲವರು ಬಡಿಸುವವರೇ ಆದ್ದರಿಂದ ಇದು ಸಣ್ಣ ನಷ್ಟವಲ್ಲ.

ಮುಂದಿನ ಯೋಜನೆ: ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣವನ್ನು 2035ರೊಳಗೆ ಶೇ. 50ಕ್ಕೆ ಏರಿಸುವುದು ರಾಷ್ಟ್ರೀಯ ಶಿಕ್ಷಣ ನೀತಿ 2020ರ ಗುರಿ. ದಾಖಲಾತಿ ಏರಿದಂತೆ ಹಾಸ್ಟೆಲಿನ ಬೇಡಿಕೆಯೂ ಏರುತ್ತದೆ. ಹಾಸ್ಟೆಲ್ ಸಿಗದ ಅರ್ಹರಿಗೆ ರಾಜ್ಯದಲ್ಲಿ 'ವಿದ್ಯಾಸಿರಿ' ಎಂಬ ಊಟ-ವಸತಿ ನೆರವಿದೆ. ಹಲವರು ಪಿಜಿಗಳಲ್ಲಿ ಉಳಿಯುತ್ತಾರೆ. ಹೊಸ ಕಟ್ಟಡದ ಅಂದಾಜುಪಟ್ಟಿಯಲ್ಲಿ ಕೋಣೆ, ಹಾಸಿಗೆ, ಸೋಲಾರ್ ನೀರಿನ ಲೆಕ್ಕ ಬರುವಂತೆ ಅಡುಗೆಯವರ, ಕಾವಲುಗಾರರ ಕಾಯಂ ಹುದ್ದೆಗಳೂ ಅವರ ವಿಶ್ರಾಂತಿ ಕೋಣೆಯೂ ಬರಬೇಕು. ಸಿಬ್ಬಂದಿಯನ್ನು ಬಿಟ್ಟು ಹಾಕಿದ ಹಾಸ್ಟೆಲ್ ಯೋಜನೆ ಅಪೂರ್ಣ.