ಅಂಪೈರ್ ತೀರ್ಪಿನ ಜಗಳ: ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಒಂದು ಹಳೆಯ ರೂಢಿ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಮೊದಲ ನಿಯಮಗಳನ್ನು 1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಕೆಲವು ಸದಸ್ಯರು ಕೂತು ಬರೆದರು. ಅವರಲ್ಲೊಬ್ಬನಾದ ಟಾಮ್ ವಿಲ್ಸ್ ಹೆಸರಾಂತ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಕ್ಲಬ್ ಒಂದಿರಲಿ ಎಂದು ಹಿಂದಿನ ವರ್ಷವಷ್ಟೇ ಪತ್ರಿಕೆಗೆ ಬರೆದಿದ್ದವನು. ಹತ್ತು ನಿಯಮಗಳಲ್ಲಿ ಅಂಪೈರನ ಸುದ್ದಿಯೇ ಇರಲಿಲ್ಲ. ಮರುವರ್ಷ ಸೇರಿದ ನಿಯಮವೊಂದು, ಅಂಪೈರರನ್ನು ನೇಮಿಸಿರದ ಪಂದ್ಯದಲ್ಲಿ ಎರಡೂ ತಂಡದ ನಾಯಕರೇ ತೀರ್ಪುಗಾರರು ಎಂದಿತು. ವಾದಿ ಪ್ರತಿವಾದಿಗಳೇ ನ್ಯಾಯಾಧೀಶರೂ ಆಗುವ ಈ ಏರ್ಪಾಡು ಗೆಳೆಯರ ಆಟಕ್ಕೆ ಸಾಕಿತ್ತು. ಊರೂರಿನ ಕ್ಲಬ್ಬುಗಳು ಎದುರುಬದುರಾಗಿ ಸಾವಿರಾರು ಜನ ನೆರೆಯತೊಡಗಿದಾಗ ಸಾಲದೇ ಹೋಯಿತು.

ಹೊರಗಿನ ಅಂಪೈರ್ ಬಂದದ್ದರಿಂದ ಜಗಳ ನಿಲ್ಲಲಿಲ್ಲ, ಬೈಯಲು ಇಬ್ಬರಿಗೂ ಒಬ್ಬನೇ ಸಿಕ್ಕಿದ. 1896ರಲ್ಲಿ ನಾರ್ತ್ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ನಡುವಣ ಪಂದ್ಯ ಮುಗಿಯುತ್ತಲೇ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಅಂಪೈರ್ ಮೇಲೆ ಬಿದ್ದರು. ಅದೇ ವರ್ಷದ ಕೊನೆಗೆ ದೊಡ್ಡ ಕ್ಲಬ್ಬುಗಳು ಬೇರೆಯಾಗಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಕಟ್ಟಿಕೊಂಡವು. ಲೀಗ್ 1904ರಲ್ಲಿ ಗಡಿಗೆರೆಗೆಂದೇ ಬೇರೆ ಅಂಪೈರರನ್ನು ನಿಲ್ಲಿಸಿತು. ಮೈದಾನದೊಳಗಿನ ಅಂಪೈರ್ ಮಾತ್ರ 1976ರವರೆಗೂ ಒಬ್ಬನೇ. ಆ ವರ್ಷ ಇಬ್ಬರಾದರು, 1994ರಲ್ಲಿ ಮೂವರು, 2023ರಲ್ಲಿ ನಾಲ್ವರು. ಬಿಳಿ ಸಮವಸ್ತ್ರ ನೋಡಿ ಪ್ರೇಕ್ಷಕರು ಅವರಿಗೆ ಇಟ್ಟ ಅಡ್ಡಹೆಸರು ‘ಬಿಳಿ ಹುಳ’. ಸೋಜಿಗವೆಂದರೆ, ಲೀಗಿನ ಅತ್ಯುತ್ತಮ ಆಟಗಾರನಿಗೆ 1924ರಿಂದ ಕೊಡುತ್ತಿರುವ ಬ್ರೌನ್ಲೋ ಪದಕವನ್ನು ನಿರ್ಧರಿಸುವುದು ಇದೇ ಅಂಪೈರರ ಮತ.

ಜಗಳದ ದೊಡ್ಡ ಪಾಲು ಹುಟ್ಟುವುದು ಒಂದೇ ನಿಯಮದಿಂದ. ಚೆಂಡು ಹಿಡಿದವನನ್ನು ಎದುರಾಳಿ ಅಮುಕಿ ಹಿಡಿದಾಗ, ಅವನಿಗೆ ಅದಕ್ಕೂ ಮೊದಲು ಚೆಂಡನ್ನು ಒದೆಯಲೋ ಮುಷ್ಟಿಯಿಂದ ಗುದ್ದಿ ದಾಟಿಸಲೋ ಅವಕಾಶವಿತ್ತೇ ಎಂದು ಅಂಪೈರ್ ನೋಡಬೇಕು. ಅವಕಾಶವಿದ್ದೂ ಇಟ್ಟುಕೊಂಡಿದ್ದರೆ ಎದುರಾಳಿಗೆ ಫ್ರೀ ಕಿಕ್. ಇರಲಿಲ್ಲವಾದರೆ, ಚೆಂಡು ಬಿಡಲು ಅವನು ಮನಸ್ಸಿಟ್ಟು ಯತ್ನಿಸಿದನೇ ಎಂಬ ಇನ್ನೊಂದು ಪ್ರಶ್ನೆ. ಇಷ್ಟನ್ನೂ ಅಳೆಯಲು ಸಿಗುವುದು ಒಂದೆರಡು ಸೆಕೆಂಡು. ಅಷ್ಟರೊಳಗೆ ಅರ್ಧ ಕ್ರೀಡಾಂಗಣ ಒಂದೇ ಕೊರಳಿನಲ್ಲಿ ‘ಬಾಲ್!’ ಎಂದು ಕೂಗಿರುತ್ತದೆ. ಇಲ್ಲಿ ಅಳೆಯಬೇಕಾದದ್ದು ಆಟಗಾರನ ಅವಕಾಶ ಮತ್ತು ಉದ್ದೇಶವಾದ್ದರಿಂದ, ಮರುದಿನ ನಿಧಾನಗತಿಯ ದೃಶ್ಯ ನೋಡಿದರೂ ಎರಡು ಪಕ್ಷಗಳು ಎರಡಾಗಿಯೇ ಉಳಿಯುತ್ತವೆ.

ಗೆರೆಯ ಪ್ರಶ್ನೆ ಬೇರೆ ಬಗೆಯದು. ಚೆಂಡು ಪೂರ್ತಿಯಾಗಿ ಗೆರೆ ದಾಟುವವರೆಗೆ ಆಟದಲ್ಲೇ ಇರುತ್ತದೆ. 1979ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಭಾಗದಲ್ಲಿ ಕಾರ್ಲ್ಟನ್‌ನ ವೇಯ್ನ್ ಹಾರ್ಮ್ಸ್ ಗಡಿಗೆರೆಯ ಬಳಿ ನೆಲಕ್ಕೆ ಹಾರಿ, ಹೊರಹೋಗುತ್ತಿದ್ದ ಚೆಂಡನ್ನು ಗೋಲಿನತ್ತ ಬಡಿದ; ಕೆನ್ ಶೆಲ್ಡನ್ ಅದನ್ನು ಗೋಲು ಮಾಡಿದ. ಕಾರ್ಲ್ಟನ್ 5 ಅಂಕಗಳಿಂದ ಗೆದ್ದಿತು. ಚೆಂಡು ಆಗಲೇ ಹೊರಗಿತ್ತೆಂಬ ಕಾಲಿಂಗ್‌ವುಡ್ ಅಭಿಮಾನಿಗಳ ವಾದ ಮಕ್ಕಳ ಕಾಲಕ್ಕೂ ಮುಗಿದಿಲ್ಲ.

2006ರ ಏಪ್ರಿಲ್ 30ರಂದು ಲಾನ್ಸೆಸ್ಟನ್‌ನಲ್ಲಿ ತಪ್ಪಿದ್ದು ಕಿವಿ. ಸೇಂಟ್ ಕಿಲ್ಡಾ ವಿರುದ್ಧ ಫ್ರೀಮ್ಯಾಂಟಲ್ ಒಂದು ಅಂಕ ಮುಂದಿದ್ದಾಗ ಆಟ ಮುಗಿದ ಸೈರನ್ ಮೊಳಗಿತು. ಅಂಪೈರ್‌ಗೆ ಕೇಳಿಸಲಿಲ್ಲ, ಆಟ ಸಾಗಿತು, ಸೇಂಟ್ ಕಿಲ್ಡಾ ಒಂದು ಅಂಕ ಗಳಿಸಿ ಪಂದ್ಯ ಸಮವಾಯಿತು. ಕೆಲವೇ ದಿನಗಳಲ್ಲಿ ಲೀಗಿನ ಆಡಳಿತ ಆ ಅಂಕ ಕಳೆದು ಫ್ರೀಮ್ಯಾಂಟಲ್‌ಗೆ 94–93ರ ಗೆಲುವು ಕೊಟ್ಟಿತು. 1900ರ ನಂತರ ಫಲಿತಾಂಶವೊಂದನ್ನು ಹೀಗೆ ಬದಲಿಸಿದ್ದು ಅದೇ ಮೊದಲು.

ಗೋಲಿಗೆ 6 ಅಂಕ, ಚೆಂಡು ಕಂಬಕ್ಕೆ ತಾಗಿದರೆ 1 ಮಾತ್ರ. 2009 ಮತ್ತು 2011ರ ಗ್ರ್ಯಾಂಡ್ ಫೈನಲ್‌ಗಳಲ್ಲಿ ಕಂಬ ಸವರಿದ ಚೆಂಡುಗಳಿಗೆ ಗೋಲು ಸಿಕ್ಕಿದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು. 2012ರಲ್ಲಿ ವಿಡಿಯೊ ಪರಿಶೀಲನೆ ಬಂತು. ಆಗಿನಿಂದ ತಕರಾರು, ಪರಿಶೀಲನೆಗೆ ಏಕೆ ಕಳಿಸಲಿಲ್ಲ ಎಂಬಲ್ಲಿಗೆ ತಿರುಗಿತು. 2022ರಲ್ಲಿ ಲೀಗ್, ತೀರ್ಪಿಗೆ ಕೈಚಾಚಿ ಅಸಮಾಧಾನ ತೋರುವ ಆಟಗಾರರಿಗೆ 50 ಮೀಟರ್ ದಂಡ ಬಿಗಿಗೊಳಿಸಿತು. ಆ ದಂಡ ಗ್ಯಾಲರಿಗೆ ಅನ್ವಯಿಸುವುದಿಲ್ಲವಲ್ಲ.

2023ರ ಆಗಸ್ಟ್‌ನಲ್ಲಿ ಅಡಿಲೇಡ್ ಓವಲ್‌ನಲ್ಲಿ ಸಿಡ್ನಿಗಿಂತ 2 ಅಂಕ ಹಿಂದಿದ್ದ ಅಡಿಲೇಡ್‌ನ ಬೆನ್ ಕೀಸ್ ಕೊನೆಯ ಹೊತ್ತಿನಲ್ಲಿ ಗೋಲಿನತ್ತ ಒದ್ದ. ಚೆಂಡು ಕಂಬಕ್ಕೆ ತಾಗಿತೆಂದು ಗೋಲ್ ಅಂಪೈರ್ ಪರಿಶೀಲನೆ ಕೇಳದೆ ಒಂದೇ ಅಂಕ ಕೊಟ್ಟರು. ತಾಗಿರಲಿಲ್ಲ. ಸಿಡ್ನಿ 1 ಅಂಕದಿಂದ ಗೆದ್ದಿತು, ಅಡಿಲೇಡ್‌ಗೆ ಅಂತಿಮ ಸುತ್ತು ತಪ್ಪಿತು. ತಪ್ಪಾಗಿದೆಯೆಂದು ಲೀಗ್ ಒಪ್ಪಿಕೊಂಡಿತು, ಫಲಿತಾಂಶವನ್ನು ಮಾತ್ರ ಮುಟ್ಟಲಿಲ್ಲ.