ನೆತ್ತರ ನಂಜು ಮತ್ತು ಕಾಗದದ ಬಿಲ್ಲೆ

‘ನಂಜೇರಿತು’ ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ಅಂಜಿಕೆಯಿಂದ ಆಡುತ್ತಿದ್ದರೆಂಬುದು ಊರಿನ ನೆನಪುಳ್ಳ ಓದುಗರಿಗೆ ತಿಳಿಯದ್ದಲ್ಲ. ಮುಳ್ಳು ತಗುಲಿದ ಕಾಲು, ಒಡೆದ ಕುರು, ಬಾಣಂತಿಯ ಜ್ವರ, ಇಷ್ಟೇ ಸಾಕಾಗಿತ್ತು. ರೋಗಾಣು ನೆತ್ತರಿಗೆ ಇಳಿಯಿತೆಂದರೆ ಹರಕೆ ಹೊತ್ತು ಕೂರುವುದರ ಹೊರತು ಮನೆಯವರು ಮಾಡಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಇಂದು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಬಾಳುವ ನಮಗೆ ದೊಡ್ಡ ಆಸ್ಪತ್ರೆಗಳೂ ಉಂಟು, ಔಷಧಗಳೂ ಉಂಟು. ಆದರೂ ಕಡುಜ್ವರದ ರೋಗಿಯನ್ನು ಸೇರಿಸಿದಾಗ ವೈದ್ಯರು ‘ಬ್ಲಡ್ ಕಲ್ಚರ್ ವರದಿ ಬರಲಿ’ ಎನ್ನುತ್ತಾರೆ. ನಾವು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಎರಡು ಮೂರು ದಿನ ಕಾಯುತ್ತೇವೆ. ಈ ಕಾಯುವಿಕೆ ಏಕೆ, ಅದನ್ನು ತಗ್ಗಿಸಲು ಏನೇನು ನಡೆದಿದೆ ಎಂಬುದಕ್ಕೆ ಒಂದು ಸ್ವಾರಸ್ಯವಾದ ಇತಿಹಾಸವಿದೆ.

ಕಥೆ ಮೊದಲಾಗುವುದು ಒಂದು ಅಡುಗೆಮನೆಯಿಂದ. ೧೮೮೦ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ಬೆಳೆಸಲು ಜಿಲೆಟಿನ್ ಬಳಸುತ್ತಿದ್ದರು. ಮೈಯ ಬಿಸಿಯಷ್ಟು ಕಾವಿಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯರ ಪತ್ನಿ ಫ್ಯಾನಿ ಹೆಸ್ಸೆ, ತಾವು ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಸತ್ವವನ್ನು ಪ್ರಯೋಗಿಸುವಂತೆ ಸೂಚಿಸಿದರು. ನಮ್ಮ ಮನೆಗಳಲ್ಲಿ ‘ಚೈನಾ ಗ್ರಾಸ್’ ಎಂದು ಕರೆದು ಪುಡ್ಡಿಂಗಿಗೆ ಹಾಕುವ ಪದಾರ್ಥವೇ ಇದು. ೧೮೮೭ರಲ್ಲಿ ಕಾಕ್ ಅವರ ಸಹಾಯಕರಾಗಿದ್ದ ಜೂಲಿಯಸ್ ಪೆಟ್ರಿ ಮುಚ್ಚಳವುಳ್ಳ ಗಾಜಿನ ತಟ್ಟೆಯನ್ನು ರೂಪಿಸಿದರು. ತಟ್ಟೆಯೂ ಅಗರೂ ಸೇರಿದ ಮೇಲೆ ರೋಗಾಣುಗಳನ್ನು ಕಣ್ಣಿಗೆ ಕಾಣುವಂತೆ ಬೆಳೆಸುವುದು ಸುಲಭವಾಯಿತು. ಆದರೆ ಅವುಗಳನ್ನು ಕೊಲ್ಲುವ ಮದ್ದು ಇನ್ನೂ ಇರಲಿಲ್ಲ.

ಆ ಮದ್ದಿನ ಸುಳಿವು ಸಿಕ್ಕಿದ್ದು ೧೯೨೮ರಲ್ಲಿ, ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ ಕಂಡುಹಿಡಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಅದು ಯಾವ ಯಾವ ರೋಗಾಣುವಿನ ಮೇಲೆ ನಡೆಯುತ್ತದೆ, ಯಾವುದರ ಮೇಲೆ ನಡೆಯದು ಎಂಬುದನ್ನೂ ಅವರು ಆಗಲೇ ಪರೀಕ್ಷಿಸಿದ್ದರು. ಅಗರಿನಲ್ಲಿ ಒಂದು ಕಾಲುವೆ ಕೊರೆದು, ಅದರಲ್ಲಿ ಪೆನಿಸಿಲಿನ್ ತುಂಬಿ, ಕಾಲುವೆಗೆ ಅಡ್ಡಲಾಗಿ ಬೇರೆ ಬೇರೆ ರೋಗಾಣುಗಳ ಗೆರೆ ಎಳೆದರು. ಮದ್ದಿಗೆ ಮಣಿಯುವವು ಕಾಲುವೆಯಿಂದ ದೂರದಲ್ಲೇ ನಿಂತವು. ಮಣಿಯದವು ದಡದವರೆಗೂ ಬೆಳೆದವು. ಇಂದಿನ ಪರೀಕ್ಷೆಗಳ ಮೂಲತತ್ವ ಇಷ್ಟೇ.

೧೯೪೧ರ ಫೆಬ್ರವರಿ ೧೨ರಂದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಇವರ ತಂಡ ತಯಾರಿಸಿದ ಪೆನಿಸಿಲಿನ್ನನ್ನು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವರಿಗೆ ಕೊಡಲಾಯಿತು. ಅವರ ಮೈಯೆಲ್ಲ ನಂಜೇರಿತ್ತು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಊಟ ಸೇರಿತು. ಅಷ್ಟರಲ್ಲಿ ಮದ್ದು ಮುಗಿಯಿತು. ರೋಗಿಯ ಮೂತ್ರದಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲದೆ, ಮಾರ್ಚ್ ೧೫ರಂದು ಅವರು ತೀರಿಕೊಂಡರು. ನೆತ್ತರ ನಂಜನ್ನು ಗೆಲ್ಲಬಹುದೆಂದೂ, ತಡವಾದರೆ ಸೋಲುವೆವೆಂದೂ ಈ ಒಂದೇ ಪ್ರಸಂಗ ಲೋಕಕ್ಕೆ ತೋರಿಸಿತು.

ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ಜೆ. ತಿರುಮಲಾಚಾರ್ ಅವರು ಮುಂದೆ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿ, ಬೂಷ್ಟಿನ ರೋಗಗಳಿಗೆ ಹ್ಯಾಮೈಸಿನ್ ಎಂಬ ಔಷಧವನ್ನು ರೂಪಿಸಿದರೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಆದರೆ ಮದ್ದು ಬಂದಷ್ಟೇ ಬೇಗ ಅದಕ್ಕೆ ಮಣಿಯದ ರೋಗಾಣುವೂ ಬಂದಿತು. ಪೆನಿಸಿಲಿನ್ನನ್ನು ಕತ್ತರಿಸಿ ಹಾಕುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ ೧೯೪೦ರಲ್ಲೇ ವರದಿ ಮಾಡಿದ್ದರು. ಮದ್ದು ಮನುಷ್ಯರಿಗೆ ದೊರೆಯುವ ಮುನ್ನವೇ! ವಿಷಮಶೀತ ಜ್ವರದ ಕಥೆಯನ್ನೂ ನೋಡಿ. ನಾವು ಟೈಫಾಯ್ಡ್ ಎನ್ನುವ ಇದೂ ರಕ್ತಕ್ಕಿಳಿಯುವ ಸೋಂಕೇ. ೧೯೪೮ರಲ್ಲಿ ಮಲಯ ದೇಶದಲ್ಲಿ ಕ್ಲೋರಾಂಫೆನಿಕಾಲ್ ಅದನ್ನು ಗುಣಪಡಿಸಿದಾಗ ಜಗತ್ತೇ ನಿಟ್ಟುಸಿರು ಬಿಟ್ಟಿತು. ಕಾಲು ಶತಮಾನ ತುಂಬುವ ಮೊದಲೇ, ೧೯೭೨ರಲ್ಲಿ, ಕೇರಳದ ಕಲ್ಲಿಕೋಟೆಯಿಂದ ಆ ಮದ್ದಿಗೆ ಜಗ್ಗದ ಟೈಫಾಯ್ಡ್ ರೋಗಾಣುವಿನ ವರದಿ ಬಂದಿತು. ಆ ಶಕ್ತಿ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದೆಂದು ಅಲ್ಲಿನ ಸಂಶೋಧಕರು ತೋರಿಸಿದರು. ಹೀಗಾಗಿ ರೋಗದ ಹೆಸರು ಗೊತ್ತಾದರೆ ಸಾಲದು, ಈ ರೋಗಿಯ ಈ ರೋಗಾಣು ಯಾವ ಮದ್ದಿಗೆ ಮಣಿಯುತ್ತದೆ ಎಂಬುದೂ ಗೊತ್ತಾಗಬೇಕಾಯಿತು.

ಇದಕ್ಕೆ ೧೯೪೦ರ ದಶಕದಲ್ಲಿ ಹೊಳೆದ ಉಪಾಯವೇ ಕಾಗದದ ಬಿಲ್ಲೆ. ಶೋಧಕ ಕಾಗದದ ಪುಟ್ಟ ಬಿಲ್ಲೆಗೆ ಮದ್ದು ಕುಡಿಸಿ, ರೋಗಾಣು ಹಚ್ಚಿದ ಅಗರಿನ ಮೇಲೆ ಇಡುವುದು. ಮದ್ದು ಸುತ್ತಲೂ ಹರಡುತ್ತದೆ. ಮರುದಿನ ನೋಡಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ಒಂದು ಬಯಲು ಕಾಣುತ್ತದೆ. ಬಯಲು ಅಗಲವಾಗಿದ್ದರೆ ಮದ್ದು ನಡೆಯುತ್ತದೆಂದು ಅರ್ಥ. ಉಪಾಯವೇನೋ ಸರಳ, ಆದರೆ ಒಂದೊಂದು ಪ್ರಯೋಗಶಾಲೆಯದೂ ಒಂದೊಂದು ಅಳತೆ. ಈ ಗೊಂದಲವನ್ನು ತೊಡೆದವರು ಅಮೆರಿಕದ ಸಿಯಾಟಲ್ ನಗರದ ಬಾವರ್, ಕಿರ್ಬಿ, ಶೆರಿಸ್ ಮತ್ತು ಟರ್ಕ್. ಎಷ್ಟು ರೋಗಾಣು, ಎಷ್ಟು ಮದ್ದು, ಎಷ್ಟು ಹೊತ್ತು, ಎಷ್ಟು ಮಿಲಿಮೀಟರು ಎಂಬುದನ್ನೆಲ್ಲ ನಿಗದಿಪಡಿಸಿ ಅವರು ೧೯೬೬ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಾವರ್–ಕಿರ್ಬಿ ಹೆಸರಿನಲ್ಲಿ ಬಳಕೆಯಲ್ಲಿದೆ. ಅದರ ತಟ್ಟೆಯಲ್ಲಿರುವ ಅಗರನ್ನು ೧೯೪೧ರಲ್ಲಿ ಹಾರ್ವರ್ಡಿನಲ್ಲಿ ಮುಲ್ಲರ್ ಅವರೊಡನೆ ಸಿದ್ಧಪಡಿಸಿದವರು ಜೇನ್ ಹಿಂಟನ್ ಎಂಬ ಕಪ್ಪು ಜನಾಂಗದ ತರುಣಿ. ಫ್ಯಾನಿ ಹೆಸ್ಸೆಯವರಂತೆ ಇವರ ಹೆಸರೂ ಹೆಚ್ಚು ಜನರ ಕಿವಿಗೆ ಬಿದ್ದಿಲ್ಲ.

ಇಷ್ಟಾದರೂ ನೆತ್ತರ ನಂಜಿನಲ್ಲಿ ತಡ ಉಳಿದೇ ಇತ್ತು. ದೊಡ್ಡವರ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಹತ್ತು ರೋಗಾಣುಗಳೂ ಇರುವುದಿಲ್ಲ. ಆದ್ದರಿಂದಲೇ ದಾದಿಯರು ಅಷ್ಟೊಂದು ರಕ್ತ ತೆಗೆದು ಸೀಸೆಗಳಿಗೆ ತುಂಬುವುದು. ಸೀಸೆಯಲ್ಲಿ ಅವು ಬೆಳೆದು ಕಾಣಿಸಿಕೊಳ್ಳಲು ಸುಮಾರು ಒಂದು ದಿನ. ತಟ್ಟೆಗೆ ಬಿತ್ತಿ ಗುರುತಿಸಲು ಒಂದು ರಾತ್ರಿ. ಬಿಲ್ಲೆ ಇಟ್ಟು ನೋಡಲು ಹದಿನಾರರಿಂದ ಇಪ್ಪತ್ತು ಗಂಟೆ. ನಂಜು ಇಷ್ಟು ಕಾಯುವುದಿಲ್ಲ. ರಕ್ತದೊತ್ತಡ ಕುಸಿದ ಮೇಲೆ ಸರಿಯಾದ ಮದ್ದು ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವ ಸಂಭವ ಸರಾಸರಿ ಶೇಕಡ ೭.೬ರಷ್ಟು ಇಳಿಯಿತೆಂದು ಕೆನಡಾದ ಆನಂದ್ ಕುಮಾರ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಹಾಗಾಗಿ ವೈದ್ಯರು ವರದಿಗೆ ಕಾಯದೆ ಅಂದಾಜಿನ ಮೇಲೆ ಬಲವಾದ ಮದ್ದು ಆರಂಭಿಸುತ್ತಾರೆ. ಅಂದಾಜು ತಪ್ಪಿದರೆ ರೋಗಿಗೆ ಅಪಾಯ. ಅಂದಾಜಿಗೆಂದು ದೊಡ್ಡ ಮದ್ದುಗಳನ್ನೇ ಎಲ್ಲರಿಗೂ ಸುರಿದರೆ ನಾಳೆ ಅವೂ ಮೊಂಡಾಗುತ್ತವೆ.

ತಡವನ್ನು ನೀಗಲು ಯಂತ್ರಗಳು ಬಂದವು. ರೋಗಾಣು ಬೆಳೆದಾಗ ಹೊರಡುವ ಇಂಗಾಲಾಮ್ಲವನ್ನು ಪತ್ತೆಹಚ್ಚಿ ಎಚ್ಚರಿಸುವ ಸೀಸೆಪೆಟ್ಟಿಗೆಗಳು ಬಂದವು. ಅಂತರಿಕ್ಷ ಯೋಜನೆಯ ಅಗತ್ಯದಿಂದ ಹುಟ್ಟಿದ ‘ವೈಟೆಕ್’ನಂಥ ಸ್ವಯಂಚಾಲಿತ ಯಂತ್ರಗಳು ಬಂದವು. ಲೇಸರ್ ಹಾಯಿಸಿ ಕೆಲವೇ ನಿಮಿಷಗಳಲ್ಲಿ ರೋಗಾಣುವಿನ ಕುಲವನ್ನು ಹೇಳುವ ‘ಮಾಲ್ಡಿ’ ಯಂತ್ರವೂ ಬಂದಿತು. ಆದರೆ ಇವು ಬೆಲೆಬಾಳುವ ಯಂತ್ರಗಳು, ಜಿಲ್ಲಾಸ್ಪತ್ರೆಗಳಿಗೆಲ್ಲ ಎಟಕುವಂಥವಲ್ಲ.

ಆಗ ಯೂರೋಪಿನ ತಜ್ಞರಿಗೆ ಮತ್ತೆ ನೆನಪಾದದ್ದು ಹಳೆಯ ಬಿಲ್ಲೆಯೇ! ಯೂಕ್ಯಾಸ್ಟ್ ಎಂಬ ಯೂರೋಪಿಯನ್ ಸಮಿತಿ, ಸ್ವೀಡನ್ನಿನ ವೆಕ್ಶೋದಲ್ಲಿರುವ ತನ್ನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ೨೦೧೮ರಲ್ಲಿ ಶೀಘ್ರ ಬಿಲ್ಲೆ ವಿಧಾನವನ್ನು ಪ್ರಕಟಿಸಿತು. ಸೀಸೆ ಎಚ್ಚರಿಕೆ ಕೊಟ್ಟೊಡನೆ ಅದರೊಳಗಿನ ದ್ರವವನ್ನು ನೀರು ಬೆರೆಸದೆ, ಸುಮಾರು ೧೨೫ ಮೈಕ್ರೋಲೀಟರಿನಷ್ಟು, ಅಂದರೆ ಎರಡು ಮೂರು ತೊಟ್ಟು, ನೇರವಾಗಿ ಅಗರಿನ ಮೇಲೆ ಹರಡಿ ಬಿಲ್ಲೆಗಳನ್ನಿಡುವುದು. ನಡುವಿನ ಒಂದು ರಾತ್ರಿ ಉಳಿಯಿತು. ನಾಲ್ಕು, ಆರು, ಎಂಟು ಗಂಟೆಗಳಿಗೆ ಬಯಲನ್ನು ಅಳೆಯುವುದು. ಎಳೆಯ ಬೆಳೆಯ ಅಂಚು ಬಲಿತ ಬೆಳೆಯ ಅಂಚಿನಂತಿರುವುದಿಲ್ಲವಾದ್ದರಿಂದ ಒಂದೊಂದು ಹೊತ್ತಿಗೂ ಬೇರೆ ಬೇರೆ ಅಳತೆಗಳನ್ನು ಗೊತ್ತುಮಾಡಿದ್ದಾರೆ. ರೋಗಾಣುವಿನ ಕುಲ ತಿಳಿದ ಮೇಲೆಯೇ ಅವನ್ನು ಅನ್ವಯಿಸಬೇಕು. ಅಳತೆ ಸಂದೇಹದ ಗೆರೆಯೊಳಗೆ ಬಿದ್ದರೆ ಉತ್ತರ ಹೇಳದೆ ಇನ್ನೆರಡು ಗಂಟೆ ಕಾಯಬೇಕು. ಅವಸರದಲ್ಲೂ ಸಂಯಮ ಬಿಡದ ಈ ನಿಯಮ ಮೆಚ್ಚತಕ್ಕದ್ದು.

ಆದರೆ ಎಂಟು ಗಂಟೆಯ ಪರೀಕ್ಷೆಗೆ ಎಂಟು ಗಂಟೆಯೂ ಎಚ್ಚರವಿರುವ ಪ್ರಯೋಗಶಾಲೆ ಬೇಕು. ಸಂಜೆ ಬಾಗಿಲು ಹಾಕಿ ಬೆಳಿಗ್ಗೆ ತೆರೆಯುವಲ್ಲಿ ಶೀಘ್ರ ವಿಧಾನವೂ ನಿಧಾನವೇ. ರಾತ್ರಿ ಪಾಳಿಯ ಒಬ್ಬ ತಂತ್ರಜ್ಞ, ವರದಿಯನ್ನು ಕೂಡಲೇ ವಾರ್ಡಿಗೆ ತಿಳಿಸುವ ಒಂದು ದೂರವಾಣಿ ಕರೆ, ಅದನ್ನು ಕೇಳಿ ಮದ್ದು ಬದಲಿಸುವ ವೈದ್ಯರು, ಈ ಮೂವರ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಗಳಿಸಿದ ಗಂಟೆಗಳೆಲ್ಲ ವ್ಯರ್ಥ. ನಮ್ಮ ಆಸ್ಪತ್ರೆಗಳಿಗೆ ಹೊಸ ಕಟ್ಟಡಗಳನ್ನು ಕೇಳುವ ನಾವು ಇದನ್ನೂ ಕೇಳಬೇಕು.

ಈ ಮಾತು ಬರಿಯ ಶಾಸ್ತ್ರದ್ದಲ್ಲ. ಮದ್ದಿಗೆ ಮಣಿಯದ ರೋಗಾಣುಗಳಿಂದಲೇ ೨೦೧೯ರಲ್ಲಿ ಜಗತ್ತಿನಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಮಂದಿ ಸತ್ತರೆಂದು ೨೦೨೨ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅಂಥ ಒಂದು ಕಿಣ್ವಕ್ಕೆ ೨೦೦೯ರಲ್ಲಿ ನಮ್ಮ ರಾಜಧಾನಿಯ ಹೆಸರನ್ನೇ ಇಟ್ಟಾಗ ದೇಶದಲ್ಲಿ ಆಕ್ಷೇಪದ ದನಿ ಎದ್ದಿತು. ಹೆಸರಿಗೆ ನೊಂದ ನಾವು ಹೆಸರಿನ ಹಿಂದಿರುವ ರೋಗಕ್ಕೂ ಅಷ್ಟೇ ನೋಯಬೇಡವೇ? ಜ್ವರ ಬಂದೊಡನೆ ಮೂಲೆಯಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುವುದು, ಎರಡು ದಿನಕ್ಕೆ ನಿಲ್ಲಿಸುವುದು ನಮ್ಮ ಮನೆಗಳಿಗೆ ಹೊಸದಲ್ಲ. ರಕ್ತ ತೆಗೆಯುವ ಮೊದಲೇ ಹೀಗೆ ಮದ್ದು ಹೊಟ್ಟೆ ಸೇರಿದರೆ ಸೀಸೆಯಲ್ಲಿ ಏನೂ ಬೆಳೆಯದಿರಬಹುದು. ಆಗ ಯಾವ ಬಿಲ್ಲೆಯೂ ಯಾವ ಯಂತ್ರವೂ ಉತ್ತರ ಹೇಳಲಾರದು. ನುಂಗಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ದಾದಿ ಎರಡು ಸೀಸೆ ರಕ್ತ ಕೇಳಿದಾಗ ‘ಇಷ್ಟೊಂದೇಕೆ’ ಎಂದು ತಡೆಯಲೂಬಾರದು. ಒಂದು ಅಡುಗೆಮನೆಯಿಂದ ಹೊರಟು ನೂರ ನಲವತ್ತು ವರ್ಷಗಳಲ್ಲಿ ಶಾಸ್ತ್ರ ಗಳಿಸಿಕೊಟ್ಟ ಗಂಟೆಗಳಿವು. ಅವನ್ನು ಕಳೆಯದಿರುವ ಹೊಣೆಯಲ್ಲಿ ನಮ್ಮ ಪಾಲೂ ಇದೆ.