ಗೆರೆಯೊಳಗೆ ನಿಲ್ಲಬೇಕಾದವರು ಯಾರು?

1505ರ ಸುಮಾರಿಗೆ ಇಟಲಿಯ ಪ್ರವಾಸಿ ಲುಡೊವಿಕೊ ಡಿ ವರ್ತೆಮಾ ಭಟ್ಕಳ, ಹೊನ್ನಾವರ ದಾಟಿ ಕಲ್ಲಿಕೋಟೆಗೆ ಹೋದ. ಭಟ್ಕಳದ ಸಕ್ಕರೆ ವ್ಯಾಪಾರದ ಬಗ್ಗೆ ಬರೆದಿಟ್ಟ ಈತ, ಕಲ್ಲಿಕೋಟೆಯ ಸಾಲ ವಸೂಲಿಯ ರೀತಿಯನ್ನೂ ಬರೆದಿದ್ದಾನೆ. ವಾಯಿದೆ ಮೀರಿದ ಸಾಲಗಾರ ಎದುರಾದರೆ, ಹಣ ಕೊಟ್ಟವನು ಹಸಿರು ಟೊಂಗೆಯಿಂದ ಅವನ ಸುತ್ತ ನೆಲದ ಮೇಲೆ ಗೆರೆ ಎಳೆದು ರಾಜನ ಆಣೆ ಹಾಕುತ್ತಿದ್ದ. ಬಾಕಿ ತೀರಿಸದೆ ಆ ಗೆರೆ ದಾಟಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೂ ಎರಡು ಶತಮಾನ ಮೊದಲು ಮಾರ್ಕೊ ಪೋಲೊ ಚೋಳಮಂಡಲ ಕರಾವಳಿಯಲ್ಲಿ ಇದೇ ಪದ್ಧತಿಯನ್ನು ಕಂಡಿದ್ದ. ಅಲ್ಲಿ ವರ್ತಕನೊಬ್ಬ ಎಳೆದ ಗೆರೆಯೊಳಗೆ ರಾಜನೇ ಕುದುರೆ ನಿಲ್ಲಿಸಿ, ಸಾಲ ತೀರಿಸಿಯೇ ಮುಂದೆ ಹೋದನಂತೆ.

ಸಾಲವೆಂದರೆ ಆಗ ಊರೆದುರಿನ ವ್ಯವಹಾರ. ‘ದಿವಾಳಿ’ ಎಂಬ ಮಾತಿನ ಹಿಂದೆಯೂ ಹಗಲಲ್ಲೇ ಅಂಗಡಿಯೆದುರು ದೀಪ ಹಚ್ಚಿಟ್ಟು ಕೈ ಚೆಲ್ಲಿದ ವರ್ತಕನಿದ್ದಾನೆ ಎನ್ನುತ್ತಾರೆ. ಆದರೆ ಆ ದೀಪ, ಆ ಗೆರೆ ಎರಡೂ ಹಣ ಪಡೆದವನಿಗೆ ಮೀಸಲಾಗಿದ್ದವು. ಹಣ ಕೊಟ್ಟವನನ್ನು ಯಾರೂ ಗೆರೆಯೊಳಗೆ ನಿಲ್ಲಿಸಲಿಲ್ಲ.

ಭಟ್ಕಳದಿಂದ ಕುಮಟಾವರೆಗೆ ಇಂದಿಗೂ ನಡೆಯುವ ಚೀಟಿ ಈ ಬಹಿರಂಗದ ಮೇಲೆಯೇ ನಿಂತಿದೆ. ತಿಂಗಳಿಗೊಮ್ಮೆ ಯಾರದೋ ಮನೆಯ ಜಗುಲಿಯಲ್ಲಿ ಇಪ್ಪತ್ತು ಜನ ಸೇರುತ್ತಾರೆ. ಸ್ಟೀಲ್ ಡಬ್ಬಿಯಲ್ಲಿ ಮಡಚಿದ ಚೀಟಿಗಳು. ಎತ್ತಲು ಮನೆಯ ಸಣ್ಣ ಮಗುವನ್ನು ಕರೆಯುತ್ತಾರೆ. ಹೆಸರು ಓದಿದ ಮೇಲೆ ಮೂಲೆ ಸವೆದ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ‘ಎತ್ತಿದೆ’ ಎಂದು ಬರೆಯುತ್ತಾರೆ. ಯಾರು ಎಷ್ಟು ಕಟ್ಟಿದರು, ಯಾರು ಎತ್ತಿಯಾಯಿತು, ಯಾರದು ಬಾಕಿ, ಎಲ್ಲವೂ ಎಲ್ಲರಿಗೂ ಗೊತ್ತು. ಆ ಗೊತ್ತಿರುವಿಕೆಯೇ ಜಾಮೀನು.

ಹಣ ದುಪ್ಪಟ್ಟು ಮಾಡುವ ಸ್ಕೀಮುಗಳು ಮುರಿದದ್ದು ಇದನ್ನೇ. ಅಲ್ಲಿ ಸೇರಿದವನಿಗೆ ತನ್ನನ್ನು ಸೇರಿಸಿದವನು ಗೊತ್ತು, ತಾನು ಸೇರಿಸಿದವರು ಗೊತ್ತು. ನೋಟ್‌ಬುಕ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

1978ರಲ್ಲಿ ಸಂಸತ್ತು ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಸ್ಕೀಮುಗಳನ್ನು ನಿಷೇಧಿಸಿತು. ಆ ಕಾಯ್ದೆಯ 3ನೇ ಕಲಮಿನ ಪ್ರಕಾರ ಸ್ಕೀಮು ನಡೆಸುವುದಷ್ಟೇ ಅಲ್ಲ, ಅದಕ್ಕೆ ಸದಸ್ಯನಾಗುವುದೂ ತಪ್ಪು. ಶಿಕ್ಷೆ ಮೂರು ವರ್ಷದವರೆಗೆ ಜೈಲು. ಮೋಸ ಹೋದವನು ಠಾಣೆಗೆ ಹೋದರೆ ತನ್ನ ಮೇಲೇ ದೂರು ಕೊಟ್ಟ ಹಾಗೆ. ಹೋದ ಹಣ ಹೋಯಿತು, ಮಾನವಾದರೂ ಉಳಿಯಲಿ ಎಂದು ಬಾಯಿ ಮುಚ್ಚಿಕೊಳ್ಳುವ ಮನೆಗಳಿಗೆ ಕಾನೂನಿನ ಭಯವೂ ಸೇರಿತು. ಆ ಮೌನದಲ್ಲೇ ಮುಂದಿನ ಸ್ಕೀಮಿನವನಿಗೆ ದಾರಿ ಸಲೀಸಾಗುತ್ತದೆ.

ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಈ ನೋಟ ಬದಲಿಸಿತು. ಅದರ ಕಣ್ಣಿಗೆ ಹಣ ಕಟ್ಟಿದವನು ಆರೋಪಿಯಲ್ಲ, ಹಣ ಬರಬೇಕಾದವನು. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಆ ಕಾಯ್ದೆಯ ಬೆಲೆ ತಿಳಿಯಿತು. ಬಡ್ಡಿ ಮುಟ್ಟದ ಕುಟುಂಬಗಳಿಗೆ ‘ಹಲಾಲ್ ಲಾಭ’ದ ಆಸೆ ತೋರಿಸಿದ ಸಂಸ್ಥೆ ಅದು. ಮಾಲೀಕ ಮನ್ಸೂರ್ ಖಾನ್ ದುಬೈಗೆ ಹಾರಿ, ಜುಲೈಯಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದ. ಶಿವಾಜಿನಗರದಲ್ಲಿ ದೂರು ಕೊಡಲು ಜನ ಸಾಲುಗಟ್ಟಿದರು. ದೂರುಗಳು ಹತ್ತಾರು ಸಾವಿರ ದಾಟಿದವು. ಕಾಯ್ದೆಯಡಿ ನೇಮಕವಾದ ಸಕ್ಷಮ ಪ್ರಾಧಿಕಾರ ಅವರಿಂದ ಅರ್ಜಿ ಪಡೆದು ಹಣ ಹಂಚಿಕೆಗೆ ಕೈ ಹಾಕಿತು. ಹೆಸರು ಹೇಳಿಕೊಂಡರೆ ಜೈಲು ಎಂಬ ಭಯವಿದ್ದಿದ್ದರೆ ಆ ಸಾಲಿನಲ್ಲಿ ಯಾರು ನಿಲ್ಲುತ್ತಿದ್ದರು? ಅದೇ ವರ್ಷದ ಕೇಂದ್ರದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯೂ ಠೇವಣಿ ಎತ್ತುವವರನ್ನು, ಅದಕ್ಕೆ ಜನರನ್ನು ಕರೆತರುವವರನ್ನು ಹಿಡಿಯುತ್ತದೆ.

ಹಾಗಾದರೆ ಸೇರಿದವರೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರೆ? ಅಲ್ಲ. ಗಲ್ಫಿನಲ್ಲಿ ದುಡಿಯುವ ಮಗ ಕಳಿಸಿದ ಹಣವನ್ನು ನಂಬಿ ಕಟ್ಟಿದ ತಾಯಿ ಬೇರೆ, ಕಮಿಷನ್ನಿಗಾಗಿ ಐವತ್ತು ಮನೆಯ ಬಾಗಿಲು ತಟ್ಟಿದವನು ಬೇರೆ. ಎರಡನೆಯವನ ಹೆಸರು ಆರೋಪಪಟ್ಟಿಯಲ್ಲಿ, ನ್ಯಾಯಾಲಯದಲ್ಲಿ, ಪತ್ರಿಕೆಯಲ್ಲಿ ಬರಲೇಬೇಕು. ಮೊದಲನೆಯವಳ ಹೆಸರನ್ನು ಬೀದಿಗೆಳೆಯುವುದು ಕ್ರೌರ್ಯ.

ಈ ಮೋಸಕ್ಕೆ ಹೆಸರು ಕೊಟ್ಟ ಚಾರ್ಲ್ಸ್ ಪೊಂಜಿ 1920ರಲ್ಲಿ ಬಾಸ್ಟನ್ನಿನಲ್ಲಿ 45 ದಿನಕ್ಕೆ ಶೇ 50ರ ಲಾಭ ಕೊಡುತ್ತೇನೆಂದು ಹಣ ಎತ್ತಿದ. ‘ಬಾಸ್ಟನ್ ಪೋಸ್ಟ್’ ಪತ್ರಿಕೆ ಬಯಲಿಗೆಳೆದದ್ದು ಅವನನ್ನು, ಹಣ ಕಟ್ಟಿದವರನ್ನಲ್ಲ. 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕುಸಿತದ ದಿನಗಳಲ್ಲಿ ಮುನ್ನುಗ್ಗಿ ಹಣ ವಾಪಸ್ ಪಡೆದವರು ಅದನ್ನು ಮರಳಿಸಬೇಕು, ಇದ್ದದ್ದರಲ್ಲಿ ಎಲ್ಲರಿಗೂ ಪಾಲು ಸಿಗಬೇಕು ಎಂದಿತು. 2009ರ ಫೆಬ್ರುವರಿಯಲ್ಲಿ, ಅಂಥದ್ದೇ ಮೋಸ ನಡೆಸಿದ ಬರ್ನಾರ್ಡ್ ಮ್ಯಾಡಾಫ್‌ನ ಪ್ರಕರಣದಲ್ಲಿ ಮಾತ್ರ ಬೇರೆಯದೇ ಆಯಿತು. ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದ ಮೂಲಕ 160ಕ್ಕೂ ಹೆಚ್ಚು ಪುಟಗಳ ಗ್ರಾಹಕರ ಪಟ್ಟಿ ಲೋಕದ ಮುಂದೆ ಬಂತು. ಸಾವಿರಾರು ಹೆಸರು, ವಿಳಾಸ ಅದರಲ್ಲಿದ್ದವು. ಬದುಕಿನ ಉಳಿತಾಯ ಕಳೆದುಕೊಂಡವರೂ ಕಟ್ಟಿದ್ದಕ್ಕಿಂತ ಹೆಚ್ಚು ಎಣಿಸಿಕೊಂಡವರೂ ಒಂದೇ ಸಾಲಿನಲ್ಲಿ ನಿಂತರು, ಏಕೆಂದರೆ ಮೊತ್ತದ ಕಾಲಮ್ಮೇ ಆ ಪಟ್ಟಿಯಲ್ಲಿರಲಿಲ್ಲ. ಹೊನ್ನಾವರದ ಜಗುಲಿಯ ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕಕ್ಕೇ ಬರುವುದು ಅದು.